ಪ್ರತಿ ಸಲವೂ ಒಂದೇ ಸಲ

ಸಂಡರ್‌ಲ್ಯಾಂಡಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ
ಇಪ್ಪತ್ತಾರು ವರ್ಷ ಟೈಪಿಸ್ಟಾಗಿದ್ದೆ.
ಅಂದದ್ದನ್ನು ಅಂದಂತೆಯೇ ಇಳಿಸುವುದು, ಅಷ್ಟೇ ಕೆಲಸ.
ಒಂದು ಅಲ್ಪವಿರಾಮವನ್ನೂ ನನ್ನದಾಗಿ ಸೇರಿಸಿದವಳಲ್ಲ.
ಹಳೆಯ ಯಂತ್ರ. ಅದರ ‘ಇ’ ಕೀಲಿ
ಒತ್ತಿದರೆ ಮೇಲೇಳದೆ ಹಟ ಹಿಡಿಯುತ್ತಿತ್ತು,
ಕಿರುಬೆರಳ ಉಗುರಿನಿಂದ ಎಬ್ಬಿಸಬೇಕು.

ಹಿಲ್ಡಾ ಥರ್ಲ್‌ವೆಲ್ ಬಂದದ್ದು ಅರವತ್ಮೂರರ ಫೆಬ್ರವರಿ,
ಹಡಗುಕಟ್ಟೆಯ ಹಗ್ಗಗಳೆಲ್ಲ ಮಂಜುಗಟ್ಟಿ
ಕೋಲಿನಂತೆ ಸೆಟೆದು ನಿಂತಿದ್ದ ವಾರ.
ಗಂಡ ರಾಲ್ಫ್, ಹಡಗಿನ ತಗಡಿಗೆ ರಿವೆಟ್ ಬಡಿಯುವವ,
ಇಸ್ತ್ರಿ ಮಾಡಿದ ಕಾಲರು, ತೊಡೆಯ ಮೇಲೆ ಟೋಪಿ.
ಆಕೆ ಬೇಕರಿಯಿಂದ ನೇರ ಬಂದಿದ್ದಳು,
ಮೊಣಕೈಯ ಮಡಿಕೆಯಲ್ಲಿ ಇನ್ನೂ ಹಿಟ್ಟು.

ಗುಮಾಸ್ತ ಪೈಬಸ್ ಒಳ್ಳೆಯವನೇ.
ಕನ್ನಡಕ ಒರೆಸಿಕೊಂಡು ಕೇಳಿದ:
“ಹಿಟ್ ಮಾಡಿದನೋ, ಬೀಟ್ ಮಾಡಿದನೋ?
ಸರಿಯಾದ ಮಾತು ಹೇಳಬೇಕು. ಎರಡೂ ಒಂದಲ್ಲ.”

ಒಂದಲ್ಲ, ನಿಜ.
ಹಿಟ್ ಅಂದರೆ ಒಂದು ಏಟು. ಕೈ ಎದ್ದಿತು, ಇಳಿಯಿತು, ಮುಗಿಯಿತು.
ಕತ್ತಲಲ್ಲಿ ಮೊಣಕಾಲು ಮೇಜಿಗೆ ತಗುಲಿದರೂ ಅದೇ ಮಾತು,
ಲಾರಿ ಕಂಬಕ್ಕೆ ಗುದ್ದಿದರೂ ಅದೇ;
ಬೇಕಂತಲೋ ಕೈಮೀರಿಯೋ, ಆ ಮಾತು ವಿಚಾರಿಸುವುದಿಲ್ಲ.
ಬೀಟ್ ಹಾಗಲ್ಲ. ಅದು ಎಣಿಸುತ್ತದೆ.
ಒಂದಾದ ಮೇಲೊಂದು, ಮತ್ತೊಂದು, ಮತ್ತೆ.
ಬೇಲಿಯ ಮೇಲೆ ಹರವಿದ ಜಮಖಾನಕ್ಕೆ ಬೀಟ್,
ಬಟ್ಟಲಿನ ಮೊಟ್ಟೆಗೆ ಬೀಟ್,
ಶನಿವಾರ ನಮ್ಮವರು ಎದುರು ತಂಡವನ್ನು ಸೋಲಿಸಿದರೆ ಅದಕ್ಕೂ ಬೀಟ್,
ಟಾರ್ಚು ಹಿಡಿದು ಪೊಲೀಸಿನವ ರಾತ್ರಿ ಸುತ್ತುವ ಬೀದಿಗೂ.
ಎದೆಯೊಳಗಿನದು ಮಾಡುವುದೂ ಅದನ್ನೇ.
ಹೃದಯ ಹಿಟ್ ಮಾಡಿತು ಅಂತ ಯಾರೂ ಅನ್ನುವುದಿಲ್ಲ;
ಒಂದೇ ಸಲ ಬಡಿದು ಬಿಟ್ಟರೆ ಅದು ಹೃದಯವೇ ಅಲ್ಲ.

ಹಿಲ್ಡಾ ರಾಲ್ಫನ ಕಡೆ ನೋಡಲಿಲ್ಲ.
ಬಿಸಿನೀರಿನ ಕೊಳವೆ ಗೋಡೆಯೊಳಗೆ ಟಣ್ ಅಂದಿತು.
“ಹಿಟ್,” ಅಂದಳು. “ಹಿಟ್ ಅಷ್ಟೇ, ಸರ್.
ಎರಡನೆಯ ಏಟು ಹಾಕಿದವರೇ ಅಲ್ಲ.
ಪ್ರತಿ ಸಲವೂ ಒಂದೇ ಸಲ.”
“ಎಷ್ಟು ಸಲ?”
“ಶುಕ್ರವಾರ ಶುಕ್ರವಾರ.”
“ಯಾವಾಗಿನಿಂದ?”
ಬೆರಳು ಮಡಿಚತೊಡಗಿದಳು. ಕೈ ಸಾಲದೆ ಬಿಟ್ಟಳು.
“ನಮ್ಮ ಎಡ್ವಿನ್ ಹುಟ್ಟುವ ಮುಂಚಿನಿಂದ.
ಅವನೀಗ ದೊಡ್ಡ ಸ್ಕೂಲಿಗೆ ಹೋಗುತ್ತಾನೆ.”

ಬೆಂಚಿನ ಮೇಲಿನ ಮೂವರೂ ತಲೆ ಜೋಡಿಸಿದರು.
ಪೈಬಸ್ ನನ್ನತ್ತ ತಿರುಗಿದ: “ಬರೆದುಕೊಳ್ಳಿ. ಹಿಟ್.”

ಎಚ್, ಐ, ಟಿ. ಮೂರೇ ಏಟು, ಸಲೀಸು.
ನನ್ನ ಹಟಮಾರಿ ಕೀಲಿ ಅದರಲ್ಲಿಲ್ಲ.
ಆ ಪದಕ್ಕೆ ನಿನ್ನೆಗೆಂದು ಬೇರೆ ಬಟ್ಟೆಯೂ ಇಲ್ಲ,
ಹೊಡೆಯುತ್ತಾರೆ, ಹೊಡೆದರು, ಎರಡಕ್ಕೂ ಅದೇ ಅಂಗಿ.
ಬೆರಳು ನಿಂತಿತು.
ನನ್ನ ಯಂತ್ರವೂ ಅಷ್ಟೇ ತಾನೆ,
ಒಂದು ಸಲಕ್ಕೆ ಒಂದೇ ಏಟು, ಒಂದೇ ಅಕ್ಷರ;
ಪುಟ ತುಂಬಿದ ಮೇಲೆ ಹೇಳಿಕೆ ಅನ್ನುತ್ತೇವೆ.
ಎಷ್ಟನೆಯ ಅಕ್ಷರಕ್ಕೆ ಹೇಳಿಕೆಯಾಯಿತು ಅದು?
ಎಷ್ಟನೆಯ ಶುಕ್ರವಾರಕ್ಕೆ?

ಅಂದದ್ದನ್ನು ಅಂದಂತೆಯೇ ಇಳಿಸಿದೆ, ಮೂರು ಪ್ರತಿ.
ಎರಡು ಪೌಂಡು ದಂಡ, ಇನ್ನು ಮುಂದೆ ನೆಟ್ಟಗಿರುವೆನೆಂಬ ಮುಚ್ಚಳಿಕೆ.
ರಾಲ್ಫ್ ಟೋಪಿ ಹಾಕಿಕೊಂಡು
ಆಕೆಗೆ ಬಾಗಿಲು ಹಿಡಿದು ನಿಂತ.

ಸಂಜೆ ತಂಗಿಯ ಅಡುಗೆಮನೆ. ಕೇಕಿಗೆ ಮೊಟ್ಟೆ ಒಡೆದು
ಫೋರ್ಕು ನನ್ನ ಕೈಗಿಟ್ಟು “ಬೀಟ್ ಮಾಡು” ಅಂದಳು.
ಒಂದು ಸಲ ತಿರುವಿ ನಿಲ್ಲಿಸಿದೆ.
ಹಳದಿ ಹಳದಿಯಾಗಿಯೇ ಇತ್ತು, ಬಿಳಿ ಬಿಳಿಯಾಗಿಯೇ.
“ಅಷ್ಟಕ್ಕೇ ಆಗುತ್ತದೇನೇ?” ಅಂದಳು.

ಆವತ್ತು ಗುರುವಾರ.