ಸಕ್ಕರೆ ಯಾವ ಕಾಲಮ್ಮಿಗೆ

ಹಲಗೆಯ ನಡುವೆ ಗೆರೆ ಎಳೆದೆ:
ಎಡಕ್ಕೆ ಕಾಮು ಕಾಮು, ಬಲಕ್ಕೆ ಅಗುವಾಹೆ.
ಇಕಿಟೋಸಿನ ಬೆಲೆನ್ ಸಂತೆ. ಅಂಗಡಿಗಳ ಮೊಣಕಾಲಿಗೆ
ನದಿ ಬಂದು ನಿಂತಿತ್ತು.

"ಎಡದ್ದು ವಸಡಿಗೆ. ಕಿತ್ತಳೆ ಇದರೆದುರು ಬರೀ ನೀರು.
ಬಲದ್ದು ಕಣ್ಣಿಗೆ. ಗಜ್ಜರಿಯೂ ನಾಚಬೇಕು."
ದಾದಿಯಾಗಿ ಆರೇ ವಾರ; ಅಂಕಿಯೆಲ್ಲ ಬಾಯಿಪಾಠ.

ರುಪೆರ್ತಾ ಅಹುವಾನಾರಿ ತಲೆ ಎತ್ತಲಿಲ್ಲ.
ಬೆಚ್ಚನೆ ನೀರಲ್ಲಿ ನೆನೆದ ಅಗುವಾಹೆಯ
ಮೀನಿನಂಥ ಹುರುಪೆ ಉಗುರಲ್ಲೇ ಸುಲಿಯುತ್ತ ಕೇಳಿದಳು:
"ಹಲ್ಲು ಚುಳ್ಳೆನ್ನುವ ಆ ಹುಳಿಗೆ
ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಸುರೀತಾರಲ್ಲ,
ಅದು ಯಾವ ಕಾಲಮ್ಮಿಗೆ, ಮಗಳೇ?"

ಬರೆದೆ. ಸಕ್ಕರೆ.

"ಇನ್ನು ಇದು. ಗೊನೆ ಇಳಿಸೋಕೆ
ಹೆಣ್ಣುಮರವನ್ನ ಬುಡಕ್ಕೇ ಕಡಿದರು.
ಈಗ ನನ್ನ ಮಗ ಎರಡು ದಿನ ಹುಟ್ಟು ಹಾಕಬೇಕು,
ಒಂದು ಮರ ಸಿಗೋಕೆ."
ಸೀಮೆಸುಣ್ಣ ಬೆರಳಲ್ಲೇ ಬೆವೆಯಿತು.
ಇದನ್ನು ಎಷ್ಟು ಮಿಲಿಗ್ರಾಂ ಅಂತ ಬರೆಯಲಿ?

ಮೂಲೆಯಲ್ಲಿ ಮೊಮ್ಮಗ ಎಲಿಸ್ಬಾನ್,
ಮುಸ್ಸಂಜೆಯಾದರೆ ಕಂಬಕ್ಕೆ ಹಣೆ ಬಡಿದುಕೊಳ್ಳುವವನು
(ಅಸಲಿಗೆ ನಾನು ಬಂದದ್ದೇ ಅವನಿಗಾಗಿ),
ಯಾರೋ ಉಗಿದ ಬೀಜವನ್ನು ತೊಳೆದು
ಅಂಟಿದ ಹಳದಿ ತಿರುಳನ್ನು ಹಲ್ಲಲ್ಲಿ ಕೆರೆಯುತ್ತಿದ್ದ.

"ಅವನಿಗೆ ದಿನಕ್ಕೆರಡು ಕೊಡು," ಅಂದೆ.
"ಮಾರೋದು ಯಾವುದನ್ನ?"

ಗಿರಾಕಿ ಬಂದಳು, ಚೌಕಾಸಿ ಮಾಡಿ ಹೋದಳು.
ರುಪೆರ್ತಾ ರಾಶಿಯಿಂದ ಎರಡು ಎತ್ತಿಕೊಂಡಳು.
ಒಂದನ್ನು ಹುಡುಗನ ಕೈಗಿಟ್ಟಳು.
ಇನ್ನೊಂದನ್ನು ರಾಶಿಗೇ ಮರಳಿಸಿ,
ನನ್ನ ಹಲಗೆ ನೋಡಿ,
ಬೈದುಕೊಳ್ಳುತ್ತ
ಮತ್ತೆ ಎತ್ತಿಕೊಂಡಳು.