ಮುಂಗಡ ಕಟ್ಟುವ ಮುಂಚೆ

ಓಂಕಾರಪ್ಪ, ನೀನು ಕೇಳೋದೇನೋ ಸರಿ,
ಮೂರು ಲಕ್ಷ ಮುಂಗಡ ಕಟ್ಟಿ
ಕಂಚುಗಣ್ಣನ್ನ ನಿನ್ನ ಟಾಕೀಸಿಗೆ ತರಬಹುದಾ ಅಂತ.
ಗಾಂಧಿನಗರದವರು ಹೇಳ್ತಾರಂತೆ:
ಕಾಮಿಕ್ಸ್ ಸಿನಿಮಾ ಅಂದ್ರೆ ಮಕ್ಕಳು ಬರ್ತಾರೆ,
ಮಕ್ಕಳು ಬಂದ್ರೆ ಮನೆಯೆಲ್ಲ ಬರುತ್ತೆ,
ಮನೆ ಬಂದ್ರೆ ಪಾಪ್‌ಕಾರ್ನು.
ಲೆಕ್ಕ ಅಂದ್ರೆ ಲೆಕ್ಕ.

ನನ್ನ ಹತ್ರಾನೂ ಒಂದು ಲೆಕ್ಕ ಇದೆ.
ಅರಸೀಕೆರೆ ಸ್ಟೇಷನ್ನಿನ ಎದುರು
ಸೈಕಲ್ ಶಾಪಿಗೂ ಬೆಣ್ಣೆ ಅಂಗಡಿಗೂ ನಡುವೆ
ಆರಡಿ ಅಗಲದ ಲೈಬ್ರರಿ ಇಟ್ಟವನು ನಾನು.
ದಿನಕ್ಕೆ ನಾಲ್ಕಾಣೆ,
ಎಣ್ಣೆ ಕಲೆ ಬಿದ್ದರೆ ಎಂಟಾಣೆ.
ನೋಡು ಈ ಕೆಂಪು ರಟ್ಟಿನ ಪುಸ್ತಕ:
ಕಂಚುಗಣ್ಣ, ಸಂಚಿಕೆ ಒಂದು, ಅರವತ್ತೆರಡು ಸಲ ಹೋಗಿ ಬಂತು.
ಏಳು, ಬಾವಿಯೊಳಗಿನ ಊರು, ತೊಂಬತ್ತು.
ಹದಿನಾಲ್ಕು
(ಬೆರಳಿಡು ಇಲ್ಲಿ)
ಇನ್ನೂರ ಹದಿಮೂರು.
ಪಿನ್ನು ಕಿತ್ತು ದಾರ ಹೊಲಿದು,
ದಾರ ಹರಿದು ಅನ್ನದಗಳು ಮೆತ್ತಿ,
ಕೊನೆಕೊನೆಗೆ ಅದು ಪುಸ್ತಕವೇ ಅಲ್ಲ, ಗಾಯ.

ಯಾರು ಓದಿದ್ದು ಅಂತಲೂ ಇದೆ.
ಗ್ಯಾಂಗ್‌ಮನ್ ಅಂತೋಣಿಯ ಮಗಳು ಪೌಲಿನ್,
ಗೂಡ್ಸ್ ಗಾಡಿ ದಾಟುವಷ್ಟರಲ್ಲಿ ಮುಗಿಸಿ
ಬಾಡಿಗೆ ಕೊಡದೆ ನಕ್ಕು ಓಡುವವಳು.
ಚಿಪ್ಪಿನ ಮಿಲ್ಲಿನ ಯತಿರಾಜ,
ಒಂದೇ ಕಣ್ಣಲ್ಲಿ ಊರೆಲ್ಲ ದುರುಗುಟ್ಟಿ
ಮೇಷ್ಟ್ರ ಕೈಲಿ ತಿಂದವನು.
ನಿನ್ನ ಹೆಸರೂ ಇದೆ,
ಒಂದೂಮುಕ್ಕಾಲು ರೂಪಾಯಿ ಬಾಕಿ.

ಬರ್ತಾರಾ ಇವರೆಲ್ಲ?
ಪೌಲಿನ್ ಈಗ ಅಜ್ಜಿ.
ಯತಿರಾಜನ ಮಂಡಿ ನಿನ್ನ ಬಾಲ್ಕನಿ ಹತ್ತೋದಿಲ್ಲ.
ಬರಬಹುದು, ಆದರೂ. ಶುಕ್ರವಾರ ಬೋರ್ಡು ಹಾಕು.
ನನ್ನ ಭಯ ಶನಿವಾರದ್ದು.

ಯಾಕಂದ್ರೆ ಆ ಹದಿನಾಲ್ಕರ ಕೊನೇ ಪುಟ
ಪಾರ್ಸೆಲ್ ಬಿಚ್ಚಿದ ದಿನವೇ ಇರಲಿಲ್ಲ.
ಕಂಚುಗಣ್ಣ ನೀರಿನ ಟ್ಯಾಂಕಿಗೆ ಜೋತುಬಿದ್ದಿದ್ದ,
ಕೆಳಗೆ ರೈಲು, ಮೇಲೆ ಮಾಯಗಾತಿ,
"ಇನ್ನೇನು ಗತಿ!" ಅಂತ ಒಂದು ಗುಳ್ಳೆ,
ಆಮೇಲೆ ರಟ್ಟು.
ರಟ್ಟಿನ ಮೇಲೆ ಹಲ್ಲುಪುಡಿ.

ಮಕ್ಕಳು ಬಿಟ್ಟಾರಾ? ಮಾಮ, ಆಮೇಲೆ?
ಯತಿರಾಜನಿಗೆ ಹೇಳಿದೆ, ಗಾಡಿಯ ಮೇಲೇ ಹಾರಿದ.
ಪೌಲಿನ್‌ಗೆ, ಯಾರೋ ಒಬ್ಬ ಗ್ಯಾಂಗ್‌ಮನ್ನು
ಕೆಂಪು ಬಾವುಟ ಬೀಸಿ ರೈಲು ನಿಲ್ಲಿಸಿದ.
ನಿನಗೆ?
ಸತ್ತ ಅಂದೆ.
ಬಾಕಿಯ ಸಿಟ್ಟು ಅವತ್ತು.
ನೀನು ಎರಡು ದಿನ ಊಟ ಬಿಟ್ಟೆ ಅಂತ
ನಿಮ್ಮಮ್ಮ ಅಂಗಡಿ ಮುಂದೆ ನಿಂತು ಬೈದರು,
ನಾನು ತಲೆ ಎತ್ತಲಿಲ್ಲ.

ಈಗ ಅರವತ್ತು ಕೋಟಿ ಸುರಿದು
ಒಂದೇ ಒಂದು ಕೊನೆ ಮಾಡಿದ್ದಾರೆ.
ನಲವತ್ತು ವರ್ಷದಿಂದ ತಮ್ಮ ತಮ್ಮ ಕೊನೆ
ಜೇಬಲ್ಲಿಟ್ಟುಕೊಂಡವರು ಬಂದು ಕೂತರೆ
ನಿನ್ನ ಪರದೆ ಎಷ್ಟು ಜನಕ್ಕೆ ಉತ್ತರ ಹೇಳುತ್ತೆ?
ಹೊರಗೆ ಬಂದು ಟೀ ಅಂಗಡೀಲಿ ಅಂತಾರೆ,
ಅದು ಹಾಗಲ್ಲ.
ಅಲ್ಲಿಗೆ ಮ್ಯಾಟಿನಿ ಮುಗೀತು.

ಇವತ್ತಿನ ಹುಡುಗರನ್ನ ನಂಬು, ಬೇಕಾದರೆ.
ಅವರು ಪುಸ್ತಕ ಕಂಡವರಲ್ಲ,
ಅವರ ಜೇಬಲ್ಲಿ ಫೋನಿದೆ, ಕಾಸಿದೆ,
ಕೊನೆ ಇಲ್ಲ.

ನಾನಾ?
ಬರ್ತೀನಿ ಕಣಯ್ಯ.
ಎಲ್ಲರಿಗೂ ಒಂದೊಂದು ಹೇಳಿ ಕಳಿಸಿದ ಮೇಲೆ
ನನಗೇ ಗೊತ್ತಿಲ್ಲವಲ್ಲ, ಏನಾದ ಅಂತ.
ಆ ಒಂದೂಮುಕ್ಕಾಲು ಮುರಿದುಕೊಂಡು
ಮುಂದಿನ ಸಾಲಲ್ಲಿ ಒಂದು ಟಿಕೆಟ್ಟು ಹರಿ.
ಮೂರು ಲಕ್ಷದ ಮಾತು,
ಕೊಬ್ಬರಿ ಹರಾಜು ಮುಗೀಲಿ,
ರೇಟು ನೋಡಿ ಸಂಜೆ ಹೇಳ್ತೀನಿ.