ಮೂರು ಸಲ ಒತ್ತಿದ ಟಿಕೆಟ್

ಎಪ್ಪತ್ತೆರಡು ಗಂಟೆ ಈ ಊರು ನನ್ನದು,
ಹಾಗಂತ ಹೇಳುತ್ತದೆ ಎರಡು ಬೆರಳಗಲದ ಕಾಗದ.
ಟ್ರಾಮು, ಮೆಟ್ರೊ, ಬಸ್ಸು,
ವ್ಲ್ತಾವಾ ಹೊಳೆ ದಾಟಿಸುವ ಪುಟ್ಟ ದೋಣಿ ಕೂಡ.
ಹತ್ತಿದೊಡನೆ ಹಳದಿ ಡಬ್ಬಿಯ ಬಾಯಿಗೆ ಕೊಟ್ಟರೆ
ತಾರೀಖು, ಗಂಟೆ, ನಿಮಿಷ ಕಚ್ಚಿ
ವಾಪಸು ಉಗುಳುತ್ತದೆ: ಕಟಕ್.

ಆ ಕಟಕ್!
ಮಷೀನು ಬರುವ ಮೊದಲು ಹನ್ನೆರಡು ವರ್ಷ
ನನ್ನ ಬಲಗೈಯೊಳಗೇ ಇದ್ದ ಸದ್ದು.
ಹುಬ್ಬಳ್ಳಿ ಡಿಪೊದ ಕಂಡಕ್ಟರ್ ಶಂಕ್ರವ್ವ ನಾನು,
ನಿವೃತ್ತಿಯ ದುಡ್ಡಲ್ಲಿ ಒಬ್ಬಳೇ ಪ್ರಾಗಿಗೆ ಬಂದವಳು.
ಅಷ್ಟು ದೂರ ಯಾಕೆ ಅಂದವರಿಗೆ
"ಕೂತು ಹೋಗಬೇಕು ಒಮ್ಮೆ" ಅಂದಿದ್ದೆ.

ಕೂತೆ. ಇಪ್ಪತ್ತೆರಡನೇ ನಂಬರು, ಕಿಟಕಿ ಪಕ್ಕ.
ಗುಡ್ಡದ ಮೇಲಿನ ಅರಮನೆ ತಿರುವು ತಿರುವಿಗೆ
ಬೆನ್ನು ತೋರಿಸಿತು, ಮುಖ ತೋರಿಸಿತು.
ಮುಂದಿನ ನಿಲ್ದಾಣದ ಹೆಸರು ಹೇಳುವ ಹೆಂಗಸು
ಎಲ್ಲಿದ್ದಾಳೋ, ಕಾಣಲಿಲ್ಲ;
ಒಮ್ಮೆಯೂ ಗಂಟಲು ಕೆಡದ ಪುಣ್ಯವಂತೆ.
ಯಾರೂ "ಒಳಗೆ ನಡೀರಿ" ಅನ್ನಲಿಲ್ಲ.
ಯಾರೂ ಫುಟ್‌ಬೋರ್ಡಿನಲ್ಲಿ ಜೋತಾಡಲಿಲ್ಲ.
ಸ್ವಲ್ಪ ಬೇಜಾರೇ ಆಯಿತೆನ್ನಿ.

ಹತ್ತಿದಾಗೆಲ್ಲ ಒತ್ತಿದೆ ಟಿಕೆಟ್ಟು.
ಒತ್ತದ ಟಿಕೆಟ್ಟು ಕದ್ದ ಟಿಕೆಟ್ಟಲ್ಲವೆ?
ಸೋಮವಾರದ ಮೇಲೆ ಮಂಗಳವಾರ ಕೂತಿತು,
ಮಂಗಳವಾರದ ಮೇಲೆ ಮತ್ತೊಂದು ಮಂಗಳವಾರ.

ಊಯೆಜ್ದ್ ದಾಟುವಾಗ ಎದುರು ಸೀಟಿನ ಸಾದಾ ಅಂಗಿಯವ
ಅಂಗೈ ಬಿಚ್ಚಿದ. ಒಳಗೊಂದು ಬಿಲ್ಲೆ.
ಅಯ್ಯೋ, ಚೆಕಿಂಗು!
ಮಂಡಿಯಲ್ಲಿ ನೀರು ಬಂತು.
ಊರು ಬೇರೆ, ಮಾತು ಬೇರೆ, ಮಂಡಿಯ ನೀರು ಮಾತ್ರ ಅದೇ.

ಟಿಕೆಟ್ಟನ್ನು ಬೆಳಕಿಗೆ ಹಿಡಿದ, ತಿರುಗಿಸಿದ,
ಮುರುಕು ಇಂಗ್ಲಿಷಿನಲ್ಲಿ ಮೆಲ್ಲಗೆ ಅಂದ:
ಒಂದೇ ಸಲ ಒತ್ತಬೇಕಿತ್ತು, ಅಮ್ಮಾ.
ಎರಡನೇ ಸಲಕ್ಕೆ ಇದು ಸತ್ತುಹೋಯಿತು.

ಪ್ರಾಮಾಣಿಕತೆ ಜಾಸ್ತಿಯಾದರೂ ಕೇಸು!
ನಗು ಬಂತು ನನಗೆ. ಅವನಿಗೆ ಬರಲಿಲ್ಲ.

ಹಿಂದಿನ ಸೀಟಿಂದ ಎದ್ದಳು ಒಬ್ಬ ಅಜ್ಜಿ,
ಚೀಲದಲ್ಲಿ ಎಲೆಕೋಸು, ಕೈಯಲ್ಲಿ ಕೊಡೆ,
ಅವಳಿಗೆ ಟಿಕೆಟ್ಟೇ ಬೇಡ, ವಯಸ್ಸೇ ಪಾಸು.
ಕೊಡೆ ನೆಲಕ್ಕೆ ಕುಟ್ಟಿ ಕುಟ್ಟಿ ಅವನಿಗೆ ಬೈದಳು.
ಒಂದಕ್ಷರ ತಿಳಿಯಲಿಲ್ಲ, ಎಲ್ಲವೂ ಅರ್ಥವಾಯಿತು.
ಪರವೂರಿನ ಹೆಂಗಸು ಅಂದಿರಬೇಕು,
ನಿನ್ನ ತಾಯಿಯ ವಯಸ್ಸು ಅಂದಿರಬೇಕು,
ನಾಚಿಕೆ ಅಂದದ್ದಂತೂ ಖಂಡಿತ.

ಅವಳ ತೋಳು ಮುಟ್ಟಿ ಕೂರಿಸಿದೆ.
ಬಿಡು ತಾಯಿ, ಅವನ ಮೇಲೂ ಒಬ್ಬ ಸಾಹೇಬ ಇರುತ್ತಾನೆ.
ಕನ್ನಡದಲ್ಲೇ ಅಂದೆ. ಅವಳಿಗೂ ಅರ್ಥವಾಯಿತು.

ರಸೀದಿ ಬರೆಯಲು ಹೋದರೆ ಅವನ ಪೆನ್ನು ಒಣಗಿತ್ತು.
ತುರುಬಿನಿಂದ ನನ್ನದನ್ನು ಕಿತ್ತು ಕೊಟ್ಟೆ.
ದೊಡ್ಡ ನೋಟು ಚಾಚಿದೆ.
ಜೇಬೆಲ್ಲ ತಡಕಿ, ಕಿವಿ ಕೆಂಪಗಾಗಿ,
ಅವನು ಹೇಳಿದ ಮಾತು,
ದೇವರಾಣೆ, ಮೂವತ್ತೊಂದು ವರ್ಷ ನಾನು
ದಿನಕ್ಕೆ ನೂರು ಸಲ ಹೇಳಿದ್ದು:

ಚಿಲ್ಲರೆ ಇಲ್ಲ.

ಹೊಟ್ಟೆ ಹಿಡಿದು ನಕ್ಕೆ. ಟ್ರಾಮೆಲ್ಲ ತಿರುಗಿ ನೋಡಿತು.
ಸತ್ತ ಟಿಕೆಟ್ಟನ್ನು ಬೋರಲು ಹಾಕಿ ಬೆರಳಿಟ್ಟು ತೋರಿಸಿದೆ:
ಹಿಂದೆ ಬರೆದು ಕೊಡಪ್ಪಾ.
ಬರೆದ. ನಡುವಿಗೆ ಗೆರೆ ಎಳೆದ ಏಳು, ಪಕ್ಕಕ್ಕೊಂದು ಸೊನ್ನೆ.
ಆಗ ನಕ್ಕ, ಒಂದು ಹಲ್ಲು ಮಾತ್ರ.

ಅಜ್ಜಿಯ ಹೆಸರು ಯಾರ್ಮಿಲಾ ಅಂತೆ.
ಇಳಿದು ನನ್ನನ್ನು ಹಳೆಯ ಸೇತುವೆಗೆ ನಡೆಸಿಕೊಂಡು ಹೋದಳು.
ಅಲ್ಲೊಬ್ಬ ಸಂತನ ಕಾಲಡಿಯ ಹಿತ್ತಾಳೆ,
ಬಂದವರೆಲ್ಲ ಮುಟ್ಟಿ ಮುಟ್ಟಿ ಚಿನ್ನವಾಗಿದೆ.
ನಾನೂ ಮುಟ್ಟಿದೆ. ಕೈ ಹಿಂದೆ ತೆಗೆದವಳು
ಅವಳ ಮುಖ ನೋಡಿದೆ.
ಇನ್ನೊಂದು ಸಲ, ಎಂದು ಕೊಡೆಯಲ್ಲೇ ಸನ್ನೆ ಮಾಡಿದಳು,
ಇದಕ್ಕೆ ದಂಡವಿಲ್ಲ.

ಎಪ್ಪತ್ತು ಕ್ರೌನು ಬಾಕಿ ಇದೆ ಈಗಲೂ
ಆ ಊರು ನನಗೆ.